ಷಟ್ಕೋನದ ಮನೆಗಳು ಕಂಪ್ಯೂಟರಿನಿಂದ ಬಂದದ್ದಲ್ಲ

ಹಳೆಯ ವಾರ್‌ಗೇಮ್‌ಗಳ (ನಕ್ಷೆಯ ಮೇಲೆ ಸೇನೆ ನಡೆಸುವ ಯುದ್ಧದ ಆಟಗಳ) ನೆನಪು ಬಂದಾಗಲೆಲ್ಲ ಒಂದು ಮಾತು ಓಡಾಡುತ್ತದೆ: ಷಟ್ಕೋನದ ಮನೆಗಳಿರುವ ನಕ್ಷೆ ಮೊದಲು ಬಂದದ್ದು ಕಂಪ್ಯೂಟರ್ ಗೇಮ್‌ಗಳಲ್ಲಿ, ಬೋರ್ಡ್ ಆಟಗಳು ಅದನ್ನು ನಕಲು ಮಾಡಿದವು ಅಂತ. ಇದು ತಲೆಕೆಳಗಾದ ಕಥೆ.

ಅಮೆರಿಕದ ಚಾರ್ಲ್ಸ್ ರಾಬರ್ಟ್ಸ್ 1954ರಲ್ಲಿ ತಂದ 'ಟ್ಯಾಕ್ಟಿಕ್ಸ್' ಬೋರ್ಡ್ ಆಟದಲ್ಲಿ ಇದ್ದದ್ದು ಚೌಕದ ಮನೆಗಳು. ಅವರದೇ ಅವಲಾನ್ ಹಿಲ್ ಕಂಪನಿ 1961ರಲ್ಲಿ 'ಡಿ-ಡೇ' ಆಟವನ್ನು ಷಟ್ಕೋನದ ಮನೆಗಳಲ್ಲಿ ಅಚ್ಚು ಹಾಕಿತು. ಎಸ್‌ಎಸ್‌ಐ ಕಂಪನಿಯ 'ಕಂಪ್ಯೂಟರ್ ಬಿಸ್ಮಾರ್ಕ್' ಅನ್ನುವ ವಾರ್‌ಗೇಮ್ ಆಪಲ್ 2 ಕಂಪ್ಯೂಟರಿಗೆ ಬಂದದ್ದು 1980ರಲ್ಲಿ. ನಡುವೆ ಹತ್ತೊಂಬತ್ತು ವರ್ಷ!

ಬದಲಾವಣೆ ಸುಮ್ನೆ ಅಂದಕ್ಕಲ್ಲ. ಚೌಕದಲ್ಲಿ ಮೂಲೆಯಿಂದ ಮೂಲೆಗೆ ಹೋದರೆ ದೂರ ಸುಮಾರು 1.4 ಪಟ್ಟು. ಆದರೆ ಲೆಕ್ಕ ಮಾತ್ರ ಒಂದೇ ಮನೆ. ಓರೆಯಾಗಿ ನುಗ್ಗುವವನಿಗೆ ಪುಕ್ಕಟೆ ಲಾಭ, ಅಲ್ವಾ? ಷಟ್ಕೋನದಲ್ಲಿ ಆರೂ ನೆರೆಮನೆಗಳು ಒಂದೇ ದೂರದಲ್ಲಿರುತ್ತವೆ.

'ಕಂಪ್ಯೂಟರ್ ಬಂದಮೇಲೆ ಎಲ್ಲವೂ ಷಟ್ಕೋನವೇ' ಅನ್ನುವುದೂ ಸರಿಯಲ್ಲ. ಕ್ರಿಸ್ ಕ್ರಾಫರ್ಡ್ 1981ರಲ್ಲಿ ಅಟಾರಿ ಕಂಪ್ಯೂಟರಿಗೆ ಬರೆದ 'ಈಸ್ಟರ್ನ್ ಫ್ರಂಟ್' ಆಟದಲ್ಲಿ ಸೇನೆಗಳು ನಾಲ್ಕೇ ದಿಕ್ಕಿಗೆ ಸರಿಯುತ್ತವೆ. ಜಾಯ್‌ಸ್ಟಿಕ್ಕಿಗೆ ಅದು ಚೆನ್ನಾಗಿ ಹೊಂದುತ್ತಿತ್ತು.

ಕಂಪ್ಯೂಟರ್ ನಿಜವಾಗಿ ಕೊಟ್ಟದ್ದು ಬೇರೆ. ಬೋರ್ಡಿನಲ್ಲಿ ಎದುರಾಳಿಯ ರಟ್ಟಿನ ಬಿಲ್ಲೆಗಳು ಕಣ್ಣೆದುರೇ ಇರುತ್ತವೆ. ಒಂದೊಂದರ ಮೇಲೂ ಬಲ ಎಷ್ಟು, ನಡಿಗೆ ಎಷ್ಟು ಅಂತ ಅಚ್ಚಾಗಿರುತ್ತದೆ. ಪರದೆಯಲ್ಲಿ ಅದನ್ನೆಲ್ಲ ಮುಚ್ಚಿಡಬಹುದಿತ್ತು. ಜೊತೆಗೆ ಆಡಲು ಇನ್ನೊಬ್ಬ ಬೇಕಿರಲಿಲ್ಲ. ನನ್ನ ಕೇಳಿದರೆ ಇದೇ ಜಾಸ್ತಿ ದೊಡ್ಡ ವಿಷಯ.