ಮೂವತ್ತೆರಡನೆಯ ಅಧ್ಯಾಯದಲ್ಲಿ ಇಳಿದುಹೋದವರು

ಬಿಳಿ ತಿಮಿಂಗಿಲವೊಂದರ ಬೇಟೆಯ ಕಥೆಯಾದ ‘ಮೋಬಿ ಡಿಕ್’ ಕಾದಂಬರಿಯ ಬಗ್ಗೆ ಜಗಳವಾಡಲು ಬೇಕಾದ ಅರ್ಹತೆ ಒಂದೇ: ಅದನ್ನು ಪೂರ್ತಿ ಓದಿರಬಾರದು. ಓದಿ ಮುಗಿಸಿದವರು ಸುಸ್ತಾಗಿ ಕುಳಿತಿರುತ್ತಾರೆ, ಅವರಿಂದ ಜಗಳವಾಗುವುದಿಲ್ಲ. ಓದದವರ ಗಂಟಲು ಮಾತ್ರ ಯಾವಾಗಲೂ ಸಿದ್ಧ. ಜಗತ್ತಿನ ಅತಿ ಶ್ರೇಷ್ಠ ಕಡಲ ಕಾದಂಬರಿ ಎಂದು ಒಬ್ಬರು ಮೇಜು ಕುಟ್ಟುತ್ತಾರೆ. ಕಥೆಯ ವೇಷ ಹಾಕಿದ ಪ್ರಾಣಿಶಾಸ್ತ್ರ ಎಂದು ಇನ್ನೊಬ್ಬರು ಮೂಗು ಮುರಿಯುತ್ತಾರೆ. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಮಂದಿ ಇವರು. ಇಲ್ಲಿ ಈದದ್ದು ತಿಮಿಂಗಿಲವಾದ್ದರಿಂದ ಕೊಟ್ಟಿಗೆ ಸಾಲದೆ ಪೇಚಾಡುತ್ತಿದ್ದಾರೆ, ಅಷ್ಟೆ.

ಇಲ್ಲದ ಪುಟಗಳ ಮೇಲೆ ತೀರ್ಪು ಕೊಡುವ ಈ ಚಾಳಿ ಪುಸ್ತಕದಷ್ಟೇ ಹಳೆಯದು. 1851ರ ಅಕ್ಟೋಬರ್‌ನಲ್ಲಿ ಅಮೆರಿಕದ ಲೇಖಕ ಹರ್ಮನ್ ಮೆಲ್ವಿಲ್‌ನ ಈ ಕಾದಂಬರಿ ಮೊದಲು ‘ದ ವೇಲ್’ ಎಂಬ ಹೆಸರಿನಲ್ಲಿ ಮೂರು ಸಂಪುಟಗಳಾಗಿ ಲಂಡನ್ನಿನಲ್ಲಿ ಹೊರಬಂತು. ಯಾರ ಕೈತಪ್ಪಿತೋ, ಕೊನೆಯ ಉಪಸಂಹಾರ ಅಚ್ಚಾಗಲೇ ಇಲ್ಲ. ಕಥೆ ಹೇಳುವ ಇಷ್ಮೇಲ್ ಒಂದು ಶವಪೆಟ್ಟಿಗೆಯನ್ನು ಹಿಡಿದು ತೇಲಿ ಬದುಕಿಕೊಂಡ ಎಂಬ ಸಂಗತಿ ಇದ್ದದ್ದು ಅಲ್ಲಿಯೇ. ಹಡಗಿನಲ್ಲಿದ್ದವರೆಲ್ಲ ಮುಳುಗಿದ ಮೇಲೆ ಇದನ್ನು ಹೇಳುತ್ತಿರುವವನು ಯಾರು? ಗಣಿಯಲ್ಲಿ ಎಲ್ಲರೂ ಸತ್ತರೆ ಅವರ ಮಾತುಕತೆಯನ್ನು ಲೇಖಕ ಬರೆಯುವಂತಿಲ್ಲ ಎಂದು ‘ಸ್ಪೆಕ್ಟೇಟರ್’ ಪತ್ರಿಕೆ ಪಾಠ ಹೇಳಿತು. ಪಾಠವೇನೋ ಸರಿ. ಹಾಳೆ ಬಿಟ್ಟವರು ಯಾರೋ, ಕಿವಿ ಹಿಂಡಿಸಿಕೊಂಡವನು ಮೆಲ್ವಿಲ್.

ಮರುತಿಂಗಳು ನ್ಯೂಯಾರ್ಕಿನಲ್ಲಿ ಬಂದ ಆವೃತ್ತಿಯಲ್ಲಿ ಆ ಪುಟ ಇತ್ತು. ಇದ್ದು ಪ್ರಯೋಜನವೇನು? ‘ಬಾಸ್ಟನ್ ಪೋಸ್ಟ್’ ಪತ್ರಿಕೆಯವರು ಲಂಡನ್ನಿನ ‘ಅಥೀನಿಯಂ’ನ ಕಟು ವಿಮರ್ಶೆಯನ್ನೇ ಎತ್ತಿ ಹಾಕಿಕೊಂಡರು. ಜೊತೆಗೆ ತಮ್ಮದೊಂದು ಒಗ್ಗರಣೆ ಬೇರೆ: ಸಾಹಿತ್ಯವಾಗಿ ಹಾಗಿರಲಿ, ಅಚ್ಚಾದ ಕಾಗದದ ರಾಶಿಯಾಗಿಯೂ ಈ ಪುಸ್ತಕ ಕೇಳಿದ ಬೆಲೆಗೆ ತಕ್ಕದ್ದಲ್ಲ. ವಿಮರ್ಶೆಗೆ ರದ್ದಿ ಅಂಗಡಿಯ ತಕ್ಕಡಿಯನ್ನು ತಂದವರು ಎಂಬ ಕೀರ್ತಿ ಅವರಿಗೆ ಸಲ್ಲಲೇಬೇಕು.

ಮೆಲ್ವಿಲ್ ಬದುಕಿದ್ದಾಗ ಅಮೆರಿಕದಲ್ಲಿ ಮಾರಾಟವಾದದ್ದು ಸುಮಾರು 3,200 ಪ್ರತಿ. ಹೊಟ್ಟೆಪಾಡಿಗೆ ಹತ್ತೊಂಬತ್ತು ವರ್ಷ ನ್ಯೂಯಾರ್ಕ್ ಬಂದರಿನಲ್ಲಿ ಸುಂಕದ ಇನ್‌ಸ್ಪೆಕ್ಟರ್ ಕೆಲಸ ಮಾಡಿ 1891ರಲ್ಲಿ ತೀರಿಕೊಂಡ. 1920ರ ದಶಕದಲ್ಲಿ ವಿದ್ವಾಂಸರು ಅದೇ ಪುಸ್ತಕವನ್ನು ಮಹಾಕೃತಿ ಎಂದು ಘೋಷಿಸಿದರು. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲವೂ ಸಿದ್ಧವಾದವು. ಕೊರಳು ಮಾತ್ರ ಇರಲಿಲ್ಲ.

ಇಂದಿನ ಓದುಗರ ಸಂಕಟ ಶುರುವಾಗುವುದು ಮೂವತ್ತೆರಡನೆಯ ಅಧ್ಯಾಯದಲ್ಲಿ. ಹಡಗು ಬಂದರು ಬಿಟ್ಟಾಗಿದೆ, ಒಂಟಿಕಾಲಿನ ಕ್ಯಾಪ್ಟನ್ ಏಹಬ್ ಕಾಣಿಸಿಕೊಂಡಾಗಿದೆ, ಇನ್ನೇನು ಈಟಿ ಹಾರಬೇಕು. ಆಗ ಇಷ್ಮೇಲ್ ಮೇಷ್ಟ್ರಾಗಿಬಿಡುತ್ತಾನೆ. ತಿಮಿಂಗಿಲಗಳನ್ನು ಪುಸ್ತಕದ ಆಕಾರಗಳಂತೆ ಫೋಲಿಯೋ, ಆಕ್ಟೇವೋ, ಡುವೋಡೆಸಿಮೋ ಎಂದು ವಿಂಗಡಿಸುತ್ತಾನೆ. ತಿಮಿಂಗಿಲ ಮೀನೇ ಎಂದು ಪಟ್ಟುಹಿಡಿದು, ಅದರ ಹೊಟ್ಟೆಯೊಳಗೆ ಇದ್ದು ಬಂದ ಬೈಬಲ್ಲಿನ ಯೋನನನ್ನು ಸಾಕ್ಷಿಗೆ ಕರೆಯುತ್ತಾನೆ. ಇದು ತಮಾಷೆ ಎಂದು ಹೊಳೆದವರು ನಕ್ಕು ಮುಂದುವರಿಯುತ್ತಾರೆ. ಉಳಿದವರು ಅಲ್ಲಿಯೇ ಇಳಿದು, ದಡದಲ್ಲಿ ನಿಂತು ಕಡಲಿಗೆ ಅಂಕ ಕೊಡುತ್ತಾರೆ. ಬಿಳಿ ತಿಮಿಂಗಿಲವಾದರೋ 135 ಅಧ್ಯಾಯಗಳಲ್ಲಿ ಕೊನೆಯ ಮೂರಕ್ಕೆ ಮಾತ್ರ ಖುದ್ದಾಗಿ ದರ್ಶನ ಕೊಡುತ್ತದೆ. ನಮ್ಮ ಮಂತ್ರಿಗಳೂ ಸಮಾರಂಭಕ್ಕೆ ಇಷ್ಟು ತಡಮಾಡುವುದಿಲ್ಲ.

ಇಂಥವರ ಕಷ್ಟ ನೋಡಲಾರದೆ 2007ರಲ್ಲಿ ಇಂಗ್ಲೆಂಡಿನ ಒಂದು ಪ್ರಕಾಶನ ಸಂಸ್ಥೆ ಕಾದಂಬರಿಯನ್ನು ಅರ್ಧಕ್ಕೆ ಇಳಿಸಿ ಮಾರಿತು. ಎರಡು ವರ್ಷದ ನಂತರ ಅಮೆರಿಕದ ಲೇಖಕರೊಬ್ಬರು, ಅವರು ಕತ್ತರಿಸಿ ಎಸೆದ ಪದ, ವಾಕ್ಯ, ಅಧ್ಯಾಯಗಳನ್ನಷ್ಟೇ ಹೆಕ್ಕಿ ಕ್ರಮವಾಗಿ ಜೋಡಿಸಿ ಪ್ರಕಟಿಸಿದರು. ಇದನ್ನು ನಾನು ಕಟ್ಟಿ ಹೇಳುತ್ತಿಲ್ಲ. ಕಟ್ಟುವಷ್ಟು ಪ್ರತಿಭೆ ನನಗಿಲ್ಲ. ಒಬ್ಬರು ಹಣ್ಣು ಮಾರಿದರು, ಇನ್ನೊಬ್ಬರು ಸಿಪ್ಪೆ ಮಾರಿದರು. ಯಾವುದು ಹಣ್ಣು, ಯಾವುದು ಸಿಪ್ಪೆ ಎಂಬ ಹೊಸ ಜಗಳಕ್ಕೂ ದಾರಿಯಾಯಿತು.

ಜನವರಿ ಬಂದರೆ ಅಮೆರಿಕದ ನ್ಯೂ ಬೆಡ್‌ಫರ್ಡ್ ಊರಿನ ತಿಮಿಂಗಿಲ ಬೇಟೆಯ ವಸ್ತುಸಂಗ್ರಹಾಲಯದಲ್ಲಿ ಜನ ಸೇರಿ, ಸರದಿಯ ಮೇಲೆ ಇಡೀ ಕಾದಂಬರಿಯನ್ನು ಗಟ್ಟಿಯಾಗಿ ಓದುತ್ತಾರೆ. ರಾತ್ರಿಯೆಲ್ಲ ನಡೆದು ಸುಮಾರು ಇಪ್ಪತ್ತೈದು ಗಂಟೆ ಹಿಡಿಯುತ್ತದೆ. ಅವರು ಯಾರೂ ಜಗಳಕ್ಕೆ ಬರುವುದಿಲ್ಲ ಎಂದು ನನ್ನ ಊಹೆ. ಆ ಹೊತ್ತಿಗೆ ಅವರಿಗೆ ಬೇಕಾಗಿರುವುದು ಹಾಸಿಗೆ.

ನೀವು ಓದಿದ್ದೀರಾ ಎಂದು ಕೇಳುವಿರಿ. ಎರಡನೆಯ ಪ್ರಯತ್ನದಲ್ಲಿ ಓದಿದೆ. ಅದಕ್ಕೆ ಮೊದಲು ಎಂಟು ವರ್ಷ ಈ ಕೃತಿಯ ಮೇಲೆ ಅಧಿಕಾರವಾಣಿಯಿಂದ ಮಾತನಾಡುತ್ತಿದ್ದೆ. ಆ ಮೂವತ್ತೆರಡನೆಯ ಅಧ್ಯಾಯದ ಕೊನೆಗೆ ಇಷ್ಮೇಲ್ ಪ್ರಾರ್ಥಿಸುತ್ತಾನೆ: ಏನನ್ನೂ ಮುಗಿಸದಂತೆ ದೇವರು ನನ್ನನ್ನು ಕಾಪಾಡಲಿ, ಈ ಪುಸ್ತಕವೇ ಒಂದು ಕರಡು, ಅಲ್ಲ, ಕರಡಿನ ಕರಡು. ಪುಟಗುರುತಿಗೆಂದು ನಾನು ಇಟ್ಟಿದ್ದ ಬಸ್ ಟಿಕೆಟ್ ಎಂಟು ವರ್ಷವೂ ಇದ್ದದ್ದು ಅದಕ್ಕಿಂತ ಎರಡು ಪುಟ ಹಿಂದೆ. ಅವನ ಪ್ರಾರ್ಥನೆ ಅವನು ಬಾಯಿ ತೆರೆಯುವ ಮೊದಲೇ ನನ್ನ ಪಾಲಿಗೆ ಫಲಿಸಿತ್ತು.