ತಪ್ಪಿನಲ್ಲಿ ನಮ್ಮ ಪಾಲು

ದೇಶದಲ್ಲಿ ಎಲ್ಲಿ ಗಲಭೆಯಾದರೂ, ಯಾವ ಚುನಾವಣೆಯ ನಂತರ ಜನ ಎರಡು ಪಾಲಾದರೂ, ದೊಡ್ಡ ಕುರ್ಚಿಯಲ್ಲಿ ಕೂತವರಿಂದ ನಮಗೆ ಸಿಗುವುದು ‘ಎಲ್ಲರೂ ಶಾಂತಿ ಕಾಪಾಡಬೇಕು’ ಎಂಬ ಒಂದು ಸಾಲಿನ ಹೇಳಿಕೆ. ಆ ಸಾಲಿನಲ್ಲಿ ತಪ್ಪೇನೂ ಇಲ್ಲ. ಆದರೆ ಅದರೊಳಗೆ ಯಾರ ತಪ್ಪೂ ಇಲ್ಲ ಎಂಬುದೇ ನನ್ನ ತಕರಾರು.

ಒಡೆದ ದೇಶದ ಅಧ್ಯಕ್ಷನೊಬ್ಬನ ನೈತಿಕ ಶಕ್ತಿ ಹೇಗಿರಬೇಕು ಎಂದು ಯೋಚಿಸುವಾಗಲೆಲ್ಲ ನಾನು 1865ರ ಮಾರ್ಚ್ 4ರಂದು ಅಮೆರಿಕದ ಅಧ್ಯಕ್ಷ ಅಬ್ರಹಾಂ ಲಿಂಕನ್ ಎರಡನೆಯ ಬಾರಿ ಅಧಿಕಾರ ಸ್ವೀಕರಿಸುವಾಗ ಮಾಡಿದ ಭಾಷಣಕ್ಕೆ ಮರಳುತ್ತೇನೆ. ಸುಮಾರು 700 ಪದಗಳ ಭಾಷಣ ಅದು. ನಮ್ಮ ಸಭೆಗಳಲ್ಲಿ ವೇದಿಕೆಯ ಮೇಲಿರುವ ಗಣ್ಯರ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಅದು ಮುಗಿದಿರುತ್ತದೆ. ಗುಲಾಮಗಿರಿ ಉಳಿಸಿಕೊಳ್ಳಲು ದೇಶದಿಂದ ಬೇರೆಯಾದ ದಕ್ಷಿಣದ ರಾಜ್ಯಗಳಿಗೂ ಲಿಂಕನ್ ಪರವಾಗಿದ್ದ ಉತ್ತರದ ರಾಜ್ಯಗಳಿಗೂ ನಡೆದ ನಾಲ್ಕು ವರ್ಷಗಳ ಅಂತರ್ಯುದ್ಧದಲ್ಲಿ 6 ಲಕ್ಷಕ್ಕೂ ಹೆಚ್ಚು ಸೈನಿಕರು ಸತ್ತಿದ್ದರು, ಉತ್ತರದವರ ಗೆಲುವು ಕಣ್ಣಿಗೆ ಕಾಣುತ್ತಿತ್ತು, ಕೇಳಲು ಬಂದವರು ಜಯಘೋಷಕ್ಕೆ ಸಿದ್ಧರಾಗಿ ನಿಂತಿದ್ದರು. ಲಿಂಕನ್ ಅವರಿಗೆ ಅದನ್ನು ಕೊಡಲಿಲ್ಲ. ಎರಡೂ ಕಡೆಯವರು ಓದುವುದು ಒಂದೇ ಬೈಬಲ್, ಬೇಡುವುದು ಒಂದೇ ದೇವರನ್ನು, ಅದೂ ಒಬ್ಬರ ವಿರುದ್ಧ ಇನ್ನೊಬ್ಬರಿಗೆ ನೆರವಾಗು ಎಂದು, ಎಂದರು.

ಹಾಗೆಂದು ‘ಎರಡೂ ಕಡೆ ಸರಿ’ ಎಂಬ ಜಾಣತನಕ್ಕೂ ಅವರು ಇಳಿಯಲಿಲ್ಲ. ಯುದ್ಧಕ್ಕೆ ಕಾರಣ ಗುಲಾಮಗಿರಿಯೇ ಎಂದು ನೇರವಾಗಿ ಹೇಳಿದರು. ಆದರೆ ಅದನ್ನು ‘ದಕ್ಷಿಣದ ಗುಲಾಮಗಿರಿ’ ಎನ್ನಲಿಲ್ಲ, ‘ಅಮೆರಿಕದ ಗುಲಾಮಗಿರಿ’ ಎಂದರು. ನನ್ನ ಮಟ್ಟಿಗೆ ಇಡೀ ಭಾಷಣದ ಜೀವ ಇರುವುದು ಆ ಒಂದು ವಿಶೇಷಣದಲ್ಲಿ. ದೇಶದಲ್ಲಿ ಸುಮಾರು 40 ಲಕ್ಷ ಗುಲಾಮರಿದ್ದರು, ಗುಲಾಮರ ಬೆವರಿನಿಂದ ಬೆಳೆದ ಹತ್ತಿ ಉತ್ತರದ ಗಿರಣಿಗಳಲ್ಲೂ ಬಟ್ಟೆಯಾಗುತ್ತಿತ್ತು. ಲಿಂಕನ್ ಕೂಡ 1861ರ ಮೊದಲ ಭಾಷಣದಲ್ಲಿ, ಗುಲಾಮಗಿರಿ ಈಗಾಗಲೇ ಇರುವ ರಾಜ್ಯಗಳಲ್ಲಿ ಅದರ ತಂಟೆಗೆ ಹೋಗುವುದಿಲ್ಲ ಎಂದು ಮಾತು ಕೊಟ್ಟಿದ್ದವರು. ಈ ಘೋರ ಯುದ್ಧ ಉತ್ತರಕ್ಕೂ ದಕ್ಷಿಣಕ್ಕೂ ದೇವರು ಕೊಟ್ಟ ಶಿಕ್ಷೆಯಾಗಿರಬಹುದು ಎಂದು ಗೆಲ್ಲುತ್ತಿದ್ದ ತನ್ನವರ ಮುಂದೆಯೇ ಹೇಳುವುದಕ್ಕೆ ಎಂಥ ಎದೆ ಬೇಕು! ಯಾರ ಮೇಲೂ ದ್ವೇಷವಿಲ್ಲದೆ ದೇಶದ ಗಾಯ ಕಟ್ಟೋಣ ಎಂಬ ಕೊನೆಯ ಮಾತನ್ನು ಎಲ್ಲರೂ ನೆನಪಿಡುತ್ತಾರೆ. ಅದಕ್ಕೆ ಮುಂಚೆ ಆ ಗಾಯವನ್ನು ಬಿಚ್ಚಿ ತೋರಿಸಿದ್ದನ್ನು ಮರೆಯುತ್ತಾರೆ. ಈ ಭಾಷಣ ಕೂಡಲೇ ಜನಪ್ರಿಯವಾಗುವುದಿಲ್ಲ ಎಂದು ಅವರೇ ಆಮೇಲೆ ಪತ್ರವೊಂದರಲ್ಲಿ ಬರೆದರು.

ಅವರನ್ನು ದೇವರ ಕೋಣೆಯಲ್ಲಿಟ್ಟು ಪೂಜಿಸಬೇಕೆಂದು ನಾನು ಹೇಳುತ್ತಿಲ್ಲ. 1862ರ ಡಿಸೆಂಬರ್‌ನಲ್ಲಿ ಅಮೆರಿಕದ ಮಿನೆಸೋಟಾ ರಾಜ್ಯದಲ್ಲಿ ಡಕೋಟಾ ಬುಡಕಟ್ಟಿನ 38 ಮೂಲನಿವಾಸಿಗಳನ್ನು ಒಂದೇ ದಿನ ಗಲ್ಲಿಗೇರಿಸಿದ್ದು ಅವರ ಒಪ್ಪಿಗೆಯಿಂದಲೇ. ಮುನ್ನೂರಕ್ಕೂ ಹೆಚ್ಚು ಮರಣದಂಡನೆಗಳ ಕಡತ ತರಿಸಿ ನೋಡಿ ಬಹುತೇಕರನ್ನು ಉಳಿಸಿದರು ಎನ್ನುವುದೂ ನಿಜ, ಆದರೆ ಆ 38 ಜೀವಗಳ ಲೆಕ್ಕ ಅದರಿಂದ ಚುಕ್ತಾ ಆಗುವುದಿಲ್ಲ.

ನಮ್ಮ ರಾಷ್ಟ್ರಪತಿಗಳಿಗೆ ಅಮೆರಿಕದ ಅಧ್ಯಕ್ಷರಿಗಿರುವಂಥ ಅಧಿಕಾರವಿಲ್ಲ, ರಬ್ಬರ್ ಸ್ಟಾಂಪ್ ಎಂದು ಹಾಸ್ಯ ಮಾಡುವುದು ನಮಗೆ ರೂಢಿಯಾಗಿದೆ. ಆದರೂ ಆಗ ರಾಷ್ಟ್ರಪತಿಯಾಗಿದ್ದ ಕೆ.ಆರ್. ನಾರಾಯಣನ್ ಅವರು ಉತ್ತರ ಪ್ರದೇಶದಲ್ಲಿ ರಾಷ್ಟ್ರಪತಿ ಆಳ್ವಿಕೆ ಹೇರಬೇಕೆಂಬ ಗುಜ್ರಾಲ್ ಸರ್ಕಾರದ ಶಿಫಾರಸನ್ನು 1997ರಲ್ಲಿ ಮರುಪರಿಶೀಲನೆಗೆ ವಾಪಸ್ ಕಳಿಸಿದರು. ಮರುವರ್ಷ ಬಿಹಾರದ ವಿಷಯದಲ್ಲಿ ವಾಜಪೇಯಿ ಸರ್ಕಾರಕ್ಕೂ ಅದನ್ನೇ ಮಾಡಿದರು. ಕೇಂದ್ರದಲ್ಲಿ ಯಾರಿದ್ದರೂ ತಕ್ಕಡಿ ಒಂದೇ ಆಗಿತ್ತು.

ಇದೆಲ್ಲ ಇದ್ದಕ್ಕಿದ್ದಂತೆ ನೆನಪಾಗಲು ಕಾರಣ ಕಳೆದ ತಿಂಗಳು ಹನುಮಂತನಗರದ ದೊಡ್ಡಪ್ಪನ ಮನೆಯಲ್ಲಿ ನಡೆದ ಅಜ್ಜನ ತಿಥಿ. ದೊಡ್ಡಪ್ಪನ ಇಬ್ಬರು ಗಂಡುಮಕ್ಕಳು ಚುನಾವಣೆಯ ಹೊತ್ತಿನಲ್ಲಿ ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಿ ಕಿತ್ತಾಡಿ ಮಾತು ಬಿಟ್ಟಿದ್ದರು, ಚಿಕ್ಕವನು ಗ್ರೂಪನ್ನೇ ಬಿಟ್ಟಿದ್ದ. ಅವತ್ತು ಒಬ್ಬ ಬಡಿಸಲು ನಿಂತಿದ್ದ, ಇನ್ನೊಬ್ಬ ಪಂಕ್ತಿಯ ಕೊನೆಯಲ್ಲಿ ತಲೆ ತಗ್ಗಿಸಿ ಕೂತಿದ್ದ. ಊಟ ಮುಗಿಯುತ್ತಾ ಬಂದಾಗ ದೊಡ್ಡಪ್ಪ ಎಲೆಯ ಮುಂದೆ ಕೂತೇ, ಯಾರನ್ನೂ ನೋಡದೆ, “ಆ ಸುಳ್ಳು ವಿಡಿಯೊ ಮೊದಲು ಗ್ರೂಪಿಗೆ ಹಾಕಿದ್ದು ನಾನು ಕಣ್ರೋ. ನಿಮ್ಮಿಬ್ಬರನ್ನೂ ಬೈದು ನಾನು ಮಾತ್ರ ದೊಡ್ಡಮನುಷ್ಯನ ಹಾಗೆ ಕೂತುಬಿಟ್ಟೆ” ಎಂದರು. ಯಾರೂ ಏನೂ ಹೇಳಲಿಲ್ಲ. ದೊಡ್ಡವನು ಮಜ್ಜಿಗೆಯ ಪಾತ್ರೆ ಹಿಡಿದು ಪಂಕ್ತಿಯ ಕೊನೆಯವರೆಗೂ ಹೋಗಿ ಬಗ್ಗಿದ. ಚಿಕ್ಕವನು ಎಲೆಗೆ ಕೈ ಅಡ್ಡ ಹಿಡಿದು “ಸಾಕು ಅಣ್ಣ” ಎಂದ. ಗ್ರೂಪಿಗೆ ಅವನು ಇನ್ನೂ ವಾಪಸ್ ಬಂದಿಲ್ಲ.