ಎರಡು ಬ್ರೋಕರ್ ವಿಳಾಸ ಕೊಟ್ಟರೆ ಸಾಕೇ? ಆಕ್ಟಿವ್‌ಎಂಕ್ಯೂ ಫೇಲ್‌ಓವರ್ ಬಗ್ಗೆ ಸ್ಪಷ್ಟನೆ

‘ಅಪ್ಲಿಕೇಶನ್ ಸರ್ವರ್‌ನ ಕನೆಕ್ಷನ್ ಯುಆರ್‌ಎಲ್‌ನಲ್ಲಿ ಫೇಲ್‌ಓವರ್ ಅಂತ ಹಾಕಿ, ಎರಡು ಬ್ರೋಕರ್ ವಿಳಾಸ ಕೊಡಿ. ಒಂದು ಬಿದ್ದರೂ ಮೆಸೇಜ್ ಕಳೆದುಹೋಗುವುದಿಲ್ಲ.’ ಆಕ್ಟಿವ್‌ಎಂಕ್ಯೂ (ಅಪ್ಲಿಕೇಶನ್‌ಗಳ ನಡುವೆ ಮೆಸೇಜ್ ಸಾಗಿಸುವ ಸಾಫ್ಟ್‌ವೇರ್; ಅದರ ಸರ್ವರ್‌ಗೆ ಬ್ರೋಕರ್ ಅನ್ನುತ್ತಾರೆ) ಬಳಸುವವರಲ್ಲಿ ಈ ಮಾತು ತುಂಬಾ ಓಡಾಡುತ್ತಿದೆ. ದಯವಿಟ್ಟು ಇದನ್ನು ನಂಬಿ ಸುಮ್ನೆ ಕೂರಬೇಡಿ.

ಫೇಲ್‌ಓವರ್ ಮಾಡುವುದು ಮರುಸಂಪರ್ಕ, ಅಷ್ಟೇ: ಒಂದು ಬ್ರೋಕರ್ ಬಿದ್ದರೆ ಇನ್ನೊಂದಕ್ಕೆ ಸಂಪರ್ಕ. ಮೊದಲ ಬ್ರೋಕರ್‌ನ ಡಿಸ್ಕ್‌ನಲ್ಲಿ ಉಳಿದ ಮೆಸೇಜ್ ಅದು ಮತ್ತೆ ಏಳುವವರೆಗೂ ಅಲ್ಲೇ ಇರುತ್ತದೆ. ಎರಡನೆಯದಕ್ಕೆ ಅದು ಸಿಗಬೇಕಾದರೆ ಎರಡೂ ಮೆಸೇಜ್ ಉಳಿಸುವ ಒಂದೇ ಸ್ಟೋರ್ ಹಂಚಿಕೊಳ್ಳಬೇಕು: ಒಂದೇ ಫೈಲ್ ಸಿಸ್ಟಮ್ ಅಥವಾ ಒಂದೇ ಡೇಟಾಬೇಸ್. ಅಲ್ಲಿ ಲಾಕ್ ಹಿಡಿದ ಬ್ರೋಕರ್ ಮಾಸ್ಟರ್, ಅಂದರೆ ಕೆಲಸ ಮಾಡುವವನು; ಇನ್ನೊಬ್ಬ ಆ ಲಾಕ್‌ಗಾಗಿ ಕಾಯುತ್ತಾನೆ.

ಪಟ್ಟಿಯಲ್ಲಿ ಮೊದಲು ಬರೆದದ್ದಕ್ಕೇ ಮೊದಲ ಆದ್ಯತೆ ಅನ್ನುವುದೂ ತಪ್ಪು. ರ್‍ಯಾಂಡಮೈಸ್ ಎಂಬ, ವಿಳಾಸವನ್ನು ಕ್ರಮವಿಲ್ಲದೆ ಆರಿಸುವ ಸೆಟ್ಟಿಂಗ್ ತಾನಾಗಿಯೇ ಆನ್ ಇರುತ್ತದೆ. ಕ್ರಮ ಬೇಕಾದರೆ ಅದನ್ನು ಫಾಲ್ಸ್ ಮಾಡಿ.

ಜಾಸ್ತಿ ಕಾಡುವುದು ಇನ್ನೊಂದು. ನಾವೇ ಹಾಕದಿದ್ದರೆ ಮರುಪ್ರಯತ್ನಕ್ಕೆ ಮಿತಿಯೇ ಇಲ್ಲ. ನಮ್ಮಲ್ಲಿ ಒಮ್ಮೆ ಎರಡೂ ಬ್ರೋಕರ್ ಬಿದ್ದಿದ್ದವು. ಲಾಗ್‌ನಲ್ಲಿ ಎಕ್ಸೆಪ್ಷನ್ ಒಂದೂ ಇಲ್ಲ, ಆದರೆ ಪುಟ ತೆರೆಯುತ್ತಿಲ್ಲ. ಥ್ರೆಡ್ ಡಂಪ್ (ಪ್ರತಿ ಥ್ರೆಡ್ ಆ ಕ್ಷಣ ಏನು ಮಾಡುತ್ತಿದೆ ಎಂಬ ಪಟ್ಟಿ) ತೆಗೆದು ನೋಡಿದರೆ ಸಾಲುಸಾಲು ಥ್ರೆಡ್‌ಗಳು ಸೆಂಡ್ ಮೆಥಡ್‌ನಲ್ಲೇ ನಿಂತಿದ್ದವು. ಸರ್ವರ್ ಬದುಕಿದ್ದೂ ಉಸಿರಾಡುತ್ತಿರಲಿಲ್ಲ. ಯುಆರ್‌ಎಲ್‌ಗೆ ಟೈಮ್‌ಔಟ್ 3000 ಸೇರಿಸಿದ ಮೇಲೆ, ಸಂಪರ್ಕ ಸಿಗದಿದ್ದರೆ 3 ಸೆಕೆಂಡಿಗೆ ಎಕ್ಸೆಪ್ಷನ್ ಬರತೊಡಗಿತು. ಆಗ ಮೆಸೇಜನ್ನು ಬೇರೆ ಕಡೆ ಬರೆದಿಟ್ಟು ಆಮೇಲೆ ಕಳಿಸಬಹುದು ಅಲ್ವಾ?

ಮರುಸಂಪರ್ಕದ ನಂತರ ಒಂದೇ ಮೆಸೇಜ್ ಎರಡು ಸಲ ಬರಬಹುದು. ಹಣದ ವಿಷಯವಾದರೆ, ಪಡೆಯುವ ಕಡೆ ಐಡಿ ನೋಡಿ ತಡೆಯಲೇಬೇಕು.